ಮನೆಯಲ್ಲಿ ಇಲ್ಲದ ಗಂಡನಿಗೆ ಕೃತಜ್ಞತೆಗಳು

ನಮ್ಮ ಕಸುಬಿನಲ್ಲಿ ಅಳತೆಗೆ ಸಿಗದ ವಸ್ತು ಇಲ್ಲ. ಮಂತ್ರಿಯೊಬ್ಬರು ಒಂದು ಗಂಟೆ ಮಾತಾಡಿದರೆ ಎಷ್ಟು ಸಾಲು, ಅವರ ಪಕ್ಕದಲ್ಲಿ ಸುಮ್ಮನೆ ಕೂತವರಿಗೆ ಎಷ್ಟು ಸಾಲು, ಇಬ್ಬರೂ ಕೂತ ವೇದಿಕೆ ಕುಸಿದರೆ ಎಷ್ಟು ಕಾಲಂ, ಇವೆಲ್ಲ ಆಳಂದದ ತಾಲ್ಲೂಕು ವರದಿಗಾರನಾದ ನನಗೆ ನಿದ್ದೆಗಣ್ಣಿನಲ್ಲಿ ಕೇಳಿದರೂ ಗೊತ್ತು. ಊರೂ ಅಂಥದ್ದೇ. ಇಲ್ಲಿನ ಅಡತಿ ಅಂಗಡಿಗಳಲ್ಲಿ ತೊಗರಿಯನ್ನು ಅಂಗೈ ಮೇಲೆ ಹೊರಳಿಸಿ, ಒಂದು ಕಾಳು ಕಚ್ಚಿ, ಹಸಿ ಎಷ್ಟಿದೆ ಎಂದು ಹೇಳುವವರಿದ್ದಾರೆ. ಜೋಳದ ಚೀಲವನ್ನು ಕಾಲಿನಿಂದ ಒಮ್ಮೆ ಒದ್ದು ತೂಕ ಹೇಳುವವರೂ ಇದ್ದಾರೆ. ಇಂಥ ಊರಿನಲ್ಲಿ ಇದ್ದುಕೊಂಡು, ಒಬ್ಬ ವಿದ್ವಾಂಸರ ವಿದ್ಯೆ ಲೋಕಕ್ಕೆ ಎಷ್ಟು ತಗುಲಿದೆ ಎಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂದಾಗ ನಾನು ಹೆದರಲಿಲ್ಲ. ಹೆದರಬೇಕಿತ್ತು.

ವಿದ್ವಾಂಸರು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ ಡಾ. ಸುವರ್ಣಾ. ಇಲ್ಲಿನ ಒಂದು ಬಿ.ಎಡ್. ಕಾಲೇಜಿನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಕಲಿಸುತ್ತಾಳೆ. ಮಹಾರಾಷ್ಟ್ರದ ಹಾದಿಯಲ್ಲಿರುವ ಖಜೂರಿಯ ಮನೆಗಳಲ್ಲಿ ಕೂತು, ಮಕ್ಕಳು ಮನೆಪಾಠ ಬರೆಯುವಾಗ ಅವರ ಏಕಾಗ್ರತೆಯನ್ನು ಕೆಡಿಸುವುದು ಏನು ಎಂದು ಸಂಶೋಧಿಸಿ ಪಿಎಚ್.ಡಿ. ಪಡೆದವಳು. ಮನೆಯ ಮುಂದೆ ಹಗಲೂ ಇರುಳೂ ಲಾರಿಗಳು ಓಡಾಡುವ ಊರಾದ್ದರಿಂದ ಲಾರಿಗಳೇ ಕಾರಣ ಎಂದು ಎಲ್ಲರೂ ತಿಳಿದಿದ್ದರು. ಅವಳು ಕಂಡುಹಿಡಿದದ್ದು ಬೇರೆ. ಲಾರಿಯ ಹಾರ್ನಿಗೆ ಮಕ್ಕಳು ತಲೆಯನ್ನೂ ಎತ್ತುವುದಿಲ್ಲ, ಪಕ್ಕದಲ್ಲಿ ಕೂತು “ಅಕ್ಷರ ಗುಂಡಗ ಬರಿ, ಪೆನ್ಸಿಲ್ ಹಂಗ ಹಿಡೀಬ್ಯಾಡ, ನಮ್ಮ ಕಾಲದಾಗ...” ಎನ್ನುವ ಅಪ್ಪಂದಿರಿಂದ ಮಾತ್ರ ಅವರ ಲೆಕ್ಕ ತಪ್ಪುತ್ತದೆ. ಈ ಫಲಿತಾಂಶವನ್ನು ಆಗ ನಾನು ಒಬ್ಬ ಅಪ್ಪನಾಗಿ ಒಪ್ಪಲಿಲ್ಲ, ವರದಿಗಾರನಾಗಿ ಒಪ್ಪಿದೆ.

ಈಗ ಅವಳ ಬಡ್ತಿಯ ಪ್ರಶ್ನೆ ಬಂದಿತ್ತು. ಬಡ್ತಿಯ ಸಮಿತಿ ನಮ್ಮ ಕಡೆ ಪದೇ ಪದೇ ಕೂಡುವ ಸಂಗತಿಯಲ್ಲ. ಕಳೆದ ಸಲ ಅದು ಕೂಡಿದಾಗ ನಮ್ಮ ಮಗಳು ತೊಟ್ಟಿಲಲ್ಲಿದ್ದಳು, ಈಗ ಪಿಯುಸಿ ಓದುತ್ತಾಳೆ. ಈ ಸಲ ತಪ್ಪಿದರೆ ಮುಂದಿನ ಸಲಕ್ಕೆ ಸುವರ್ಣಾ ನಿವೃತ್ತಿಯ ಸನ್ಮಾನಕ್ಕೇ ಸೀರೆ ಆರಿಸಬೇಕಾದೀತು. ಅವಳಿಗಿಂತ ಆಮೇಲೆ ಬಂದವರೆಲ್ಲ ಮೇಲೆ ಹೋಗಿ, ಅವರ ಸಹಿಗಾಗಿ ಇವಳು ಬಾಗಿಲಲ್ಲಿ ನಿಲ್ಲುವ ಪರಿಸ್ಥಿತಿ. ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಆ ವಾರ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೆ ಕೇಳಿಸುತ್ತಿತ್ತು.

“ಎಚ್-ಇಂಡೆಕ್ಸ್ ಕೇಳ್ಯಾರ್ರಿ,” ಎಂದಳು ಒಂದು ಸಂಜೆ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಾ.

“ಅಂದ್ರ?”

“ನೀವು ಹತ್ತು ಲೇಖನ ಬರ್ದೀರಿ ಅಂತ ತಿಳ್ಕೊರ್ರಿ. ಅದ್ರಾಗ ಮೂರು ಲೇಖನಾನ, ಒಂದೊಂದನ್ನೂ ಕಮ್ಮೀತ್ ಕಮ್ಮಿ ಮೂರು ಮಂದಿ ತಮ್ಮ ಲೇಖನದಾಗ ಉಲ್ಲೇಖ ಮಾಡಿದ್ರ, ನಿಮ್ಮ ಇಂಡೆಕ್ಸ್ ಮೂರು.”

“ಒಂದs ಲೇಖನಾನ ಊರ ಮಂದಿ ಎಲ್ಲಾ ಉಲ್ಲೇಖ ಮಾಡಿದ್ರ?”

“ಒಂದು.”

“ಇದು ಅನ್ಯಾಯ ಆತು.”

“ನಿಮ್ಮ ಅಭಿಪ್ರಾಯ ಅವ್ರು ಕೇಳಿಲ್ಲ.”

“ನಿಂದೆಷ್ಟದ?”

ಅವಳು ರೊಟ್ಟಿ ತಿರುವಿ ಹಾಕಿದಳು. “ಒಂದು.”

“ಚಲೋ ಆತು. ಯಾರ ಉಲ್ಲೇಖ ಮಾಡ್ಯಾರ?”

“ನಾನs.”

ಒಬ್ಬ ವ್ಯಕ್ತಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಾವು ಹೇಳಿಕೆ ಎನ್ನುತ್ತೇವೆ, ಸುದ್ದಿ ಎನ್ನುವುದಿಲ್ಲ. ಸುದ್ದಿಯಾಗಲು ಎರಡನೆಯ ಮೂಲ ಬೇಕು ಎಂದು ನಾನು ತಿಳಿಸಿ ಹೇಳಿದೆ. ಒಳ್ಳೆಯ ಉದ್ದೇಶದಿಂದಲೇ ಹೇಳಿದೆ. ಮುಂದಿನ ರೊಟ್ಟಿ ಬರಲು ಬಹಳ ತಡವಾಯಿತು, ಬಂದದ್ದೂ ಕರಕಲಾಗಿತ್ತು. ಅದನ್ನು ತಿನ್ನುತ್ತಲೇ ನಾನು ಸಮಿತಿಯ ಸುತ್ತೋಲೆಯನ್ನು ಓದಿದೆ. ಕೊನೆಯಲ್ಲಿ ಒಂದು ಸಾಲಿತ್ತು: ಉಲ್ಲೇಖಗಳು ಕಡಿಮೆ ಇದ್ದವರು ತಮ್ಮ ಸಂಶೋಧನೆಯಿಂದ ಸಮಾಜದಲ್ಲಿ ಆದ ಪರಿಣಾಮಕ್ಕೆ ಪುರಾವೆ ಒದಗಿಸಬಹುದು. ಸುತ್ತೋಲೆಗಳಲ್ಲಿ ಸುದ್ದಿ ಯಾವಾಗಲೂ ಕೊನೆಯ ಸಾಲಿನಲ್ಲೇ ಅಡಗಿರುತ್ತದೆ.

“ಪುರಾವೆ ನಾ ತರ್ತೇನಿ. ನಂದು ಅದs ಕಸುಬು,” ಎಂದೆ.

“ನೀವು ಸುಮ್ಮ ಇರ್ರಿ. ಅಷ್ಟs ಮಾಡಿದ್ರ ಸಾಕು,” ಎಂದಳು ಸುವರ್ಣಾ. ಅವಳ ಮಾತಿನಲ್ಲಿ ಒಂದು ಸಿದ್ಧಾಂತವೇ ಇತ್ತೆಂದು ನನಗೆ ಆಗ ಹೊಳೆಯಲಿಲ್ಲ.

ಮರುದಿನ ಅವಳ ಕಾಗದಪತ್ರಗಳ ಝೆರಾಕ್ಸ್ ಮಾಡಿಸಲು ಬಸ್ ನಿಲ್ದಾಣದ ಎದುರಿನ ಇಸ್ಮಾಯಿಲ್ ಭಾಯಿಯ ಅಂಗಡಿಗೆ ಹೋದೆ. ಆಳಂದದಲ್ಲಿ ಅರ್ಜಿಯಿಂದ ಹಿಡಿದು ಮದುವೆಯ ಲಗ್ನಪತ್ರಿಕೆಯವರೆಗೆ ಏನೇ ಟೈಪ್ ಆಗಬೇಕಾದರೂ ಇಸ್ಮಾಯಿಲ್ ಭಾಯಿಯ ಬೆರಳುಗಳ ಕೆಳಗಿಂದಲೇ ಹೋಗಬೇಕು. ಸುವರ್ಣಾಳ ಪಿಎಚ್.ಡಿ. ಪ್ರಬಂಧವನ್ನು ಟೈಪ್ ಮಾಡಿದ್ದೂ ಅವನೇ. ಅವನ ಕನ್ನಡ ಚೆಂದ, ಉರ್ದು ಇನ್ನೂ ಚೆಂದ, ಎರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ ಆಡುವುದು ಎಲ್ಲಕ್ಕಿಂತ ಚೆಂದ. ನಾನು ಹೋದಾಗ ಅವನು ಯಾರದೋ ಬಿ.ಎಡ್. ಪ್ರಾಜೆಕ್ಟ್ ಪುಸ್ತಕಕ್ಕೆ ಸುರುಳಿ ಬೈಂಡಿಂಗ್ ಹಾಕುತ್ತಿದ್ದ. ಬರೆದದ್ದು ಏನೇ ಕಣ್ಣಿಗೆ ಬಿದ್ದರೂ ತಲೆಕೆಳಗಾಗಿಯಾದರೂ ಓದುವುದು ಪತ್ರಕರ್ತರ ಚಟ. ತಲೆಕೆಳಗಾಗಿ ಓದಿದೆ. ಅಲ್ಲಿ ನನ್ನ ಹೆಸರಿತ್ತು.

ಪುಸ್ತಕ ತಿರುಗಿಸಿ ಹಿಡಿದೆ. ಮೇಲೆ ‘ಕೃತಜ್ಞತೆಗಳು’ ಎಂದಿತ್ತು. ಕೆಳಗೆ: “ಮನೆಯಲ್ಲಿ ಇಲ್ಲದಿರುವ ಮೂಲಕ ಈ ಅಧ್ಯಯನಕ್ಕೆ ಅಪಾರ ಸಹಕಾರ ನೀಡಿದ, ಹಾಗೂ ಇದೇ ಸಹಕಾರವನ್ನು ಮುಂದೆಯೂ ನೀಡುವರೆಂದು ನಾನು ನಂಬಿರುವ ನನ್ನ ಪತಿ, ಆಳಂದದ ಶ್ರೀ ಮಲ್ಲಿನಾಥ ಅವರಿಗೆ ಚಿರಋಣಿ.”

ಮುಖಪುಟ ನೋಡಿದೆ. ಜೇವರ್ಗಿ ತಾಲ್ಲೂಕಿನ ಅಂದೋಲಾದ ಒಬ್ಬ ಪ್ರಶಿಕ್ಷಣಾರ್ಥಿಯ ಹೆಸರಿತ್ತು. ಹೆಸರು ಶಿವಕುಮಾರ.

“ಇಸ್ಮಾಯಿಲ್ ಭಾಯಿ, ಇದೇನಿದು?”

“ಅರೆ ಸಾಹೇಬ್ರ, ಅದು ಕಾಯಂ ಪೇಜ್ ಅದ್ರಿ,” ಎಂದ ಅವನು, ನನ್ನ ಜಿಲ್ಲಾಪ್ರಸಿದ್ಧ ಮುಖವನ್ನು ಒಮ್ಮೆಯೂ ನೋಡದೆ. “ಹುಡುಗ್ರು ಬರ್ತಾರ, ನಾಳಿಗೇ ಪ್ರಾಜೆಕ್ಟ್ ಕೊಡ್ಬೇಕು ಅಂತಾರ. ಮೇಡಂ ಅವ್ರ ಪುಸ್ತಕ ನನ್ ಕಂಪ್ಯೂಟರ್‌ದಾಗ ಅದ. ಮುಖಪುಟದಾಗ ಹುಡುಗನ ಹೆಸ್ರು ಹಾಕ್ತೇನಿ, ಒಳಗ ಖಜೂರಿ ಇದ್ದಲ್ಲಿ ಅವನ ಊರು ಹಾಕ್ತೇನಿ. ಖಲ್ಲಾಸ್. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿಂದು ನನ್ ಕಡೀನೇ ಬರ್ತಾವ್ರಿ.”

“ಕೃತಜ್ಞತೆ ಯಾಕ ಬದ್ಲಿ ಮಾಡಿಲ್ಲೋ?”

“ಅದನ್ಯಾರ್ ಓದ್ತಾರ್ರಿ?”

ಒಳಗೆ ತೆರೆದು ನೋಡಿದೆ. ಅಂದೋಲಾದ ಮಠದ ದಾರಿಯಲ್ಲಿ ಮಹಾರಾಷ್ಟ್ರಕ್ಕೆ ಹೋಗುವ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅಂದೋಲಾ ಎಲ್ಲಿ, ಮಹಾರಾಷ್ಟ್ರದ ಗಡಿ ಎಲ್ಲಿ! ಆ ಲಾರಿಗಳು ದಾರಿ ತಪ್ಪಿ ಮೂರು ತಾಲ್ಲೂಕುಗಳ ಪ್ರತಿಯೊಂದು ಹಳ್ಳಿಯಲ್ಲೂ ಹಾರ್ನ್ ಹೊಡೆಯುತ್ತಾ ತಿರುಗುತ್ತಿದ್ದವು, ಮಕ್ಕಳು ತಲೆ ಎತ್ತದೆ ಮನೆಪಾಠ ಬರೆಯುತ್ತಿದ್ದರು. ಅಂದರೆ ಸಂಗತಿ ಹೀಗಿತ್ತು: ನನ್ನ ಹೆಂಡತಿಯ ಸಂಶೋಧನೆಯನ್ನು ಇಡೀ ಪ್ರದೇಶವೇ ಬಳಸಿಕೊಂಡಿತ್ತು. ಅವಳ ಹೆಸರು ಇದ್ದದ್ದು ಮುಖಪುಟದಲ್ಲಿ ಮಾತ್ರ, ಅದು ಪ್ರತಿಸಲವೂ ಹೋಗುತ್ತಿತ್ತು. ನನ್ನ ಹೆಸರು ಒಳಗಿತ್ತು, ಅದು ಪ್ರತಿಸಲವೂ ಉಳಿಯುತ್ತಿತ್ತು. ಒಂದು ಸಾಲೂ ಸಂಶೋಧನೆ ಮಾಡದ ನಾನು ಮೂರು ತಾಲ್ಲೂಕಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ವ್ಯಕ್ತಿಯಾಗಿದ್ದೆ, ಅದೂ ಗೈರುಹಾಜರಿಗಾಗಿ.

ಓದುಗರು ಕೇಳಬಹುದು, ಹೆಂಡತಿಯ ಪ್ರಬಂಧದಲ್ಲಿ ಈ ವಾಕ್ಯವನ್ನು ನೀನು ಆಗಲೇ ಓದಿರಲಿಲ್ಲವೇ ಎಂದು. ನೋಡಿದ್ದೆ. ನನ್ನ ಹೆಸರು ಕಂಡಿತು, ಪಕ್ಕದಲ್ಲಿ ‘ಅಪಾರ ಸಹಕಾರ’ ಎಂದು ಕಂಡಿತು, ಸಂತೋಷವಾಯಿತು, ಮುಚ್ಚಿಟ್ಟೆ. ಪತ್ರಿಕೆಯಲ್ಲಿ ತಮ್ಮ ಹೆಸರು ಬಂದವರು ಸುದ್ದಿಯನ್ನು ಹೇಗೆ ಓದುತ್ತಾರೆಂದು ಇಷ್ಟು ವರ್ಷ ನೋಡಿ ನಕ್ಕವನು ನಾನೇ.

ಯಾವ ವಿಷಯವನ್ನೂ ಪರಿಶೀಲಿಸದೆ ಬರೆಯಬಾರದೆಂಬ ಶಿಸ್ತು ನನ್ನದು. ಅಂದೋಲಾದ ಶಿವಕುಮಾರನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

“ಹಲೋ, ಆಳಂದದಿಂದ ಮಲ್ಲಿನಾಥ ಮಾತಾಡಾಕತ್ತೇನಿ.”

“ಯಾವ ಮಲ್ಲಿನಾಥ್ರಿ?”

“ನಿಮ್ಮ ಪುಸ್ತಕದ ಪ್ರಕಾರ, ನಿಮ್ಮ ಪತಿ.”

ಆ ಕಡೆಯಿಂದ “ಕಾಕಾರ, ನಂದಿನ್ನಾ ಲಗ್ನ ಆಗಿಲ್ರಿ,” ಎಂಬ ಅಳುದನಿ ಬಂತು. ಪುಸ್ತಕ ಓದಿದ್ದೀಯಾ ಎಂದು ಕೇಳಿದೆ. ತನ್ನದೇ ಪುಸ್ತಕವನ್ನು ತಾನು ಯಾಕೆ ಓದಬೇಕೆಂದು ಅವನಿಗೆ ಅರ್ಥವಾಗಲಿಲ್ಲ. ಕೃತಜ್ಞತೆಯ ಪುಟವನ್ನಾದರೂ ನೀನೇ ಬರೆ, ಲಾರಿಗಳನ್ನು ಅಂದೋಲಾದಿಂದ ಹೊರಗೆ ಕಳಿಸು ಎಂದು ಹೇಳಿ ಫೋನ್ ಇಟ್ಟೆ. ನನ್ನನ್ನು ಬಿಟ್ಟುಬಿಡುವುದು ಅವನಿಗೆ ಕಷ್ಟವಾಗಲಿಲ್ಲ.

ಮನೆಗೆ ಹೋಗಿ ಹೇಳಿದೆ. ಸುವರ್ಣಾ ಮೊದಲು ಸಿಟ್ಟಾದಳು, ಆಮೇಲೆ ಕೃತಜ್ಞತೆಯ ವಿಷಯ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆಮೇಲೆ ಮತ್ತೆ ಸಿಟ್ಟಾದಳು. “ಖರೆ ಬರ್ದಿದ್ದೆ,” ಎಂದಳು ವಾಕ್ಯದ ಬಗ್ಗೆ, ಅಷ್ಟೇ. ಈ ಪುಸ್ತಕಗಳನ್ನೆಲ್ಲ ಸಮಿತಿಯ ಮುಂದೆ ಗುಡ್ಡೆ ಹಾಕೋಣ ಎಂದೆ. ಅವಳು ಒಪ್ಪಲಿಲ್ಲ. “ಹುಡುಗ್ರು ಫೇಲ್ ಆಗ್ತಾರ್ರಿ. ಅವ್ರ ಹೆಸ್ರು ನಾ ಕೊಡಂಗಿಲ್ಲ. ಇಸ್ಮಾಯಿಲ್ ಭಾಯಿ ಜೋಡಿ ನಾ ಬ್ಯಾರೆ ಮಾತಾಡ್ತೇನಿ.” ಮಾತಾಡಿದಳು ಕೂಡ, ಆ ಮಾತುಕತೆಯ ನಂತರ ಅವನು ಒಂದು ವಾರ ನನ್ನನ್ನು ಕಂಡರೂ ಅಂಗಡಿಯ ಹಿಂದಿನ ಬಾಗಿಲಿಂದ ಹೋಗುತ್ತಿದ್ದ. ನಾನು ಬೇರೊಂದು ಸುಳಿವು ಹಿಡಿದೆ. ಇಷ್ಟೊಂದು ಜನ ಟೈಪ್ ಮಾಡಿಸಿದ್ದಾರೆಂದರೆ ಅವರಲ್ಲಿ ಒಬ್ಬರಾದರೂ ಓದಿರಲೇಬೇಕಲ್ಲ? ಇಸ್ಮಾಯಿಲ್ ಭಾಯಿಯನ್ನು ಹಿಂದಿನ ಬಾಗಿಲಲ್ಲೇ ತಡೆದು ಕೇಳಿದೆ. ಅವನು ತಲೆ ಕೆರೆದುಕೊಂಡು, “ಅಫಜಲಪುರದ ಒಬ್ಬಾಕಿ ಓದ್ಯಾಳ್ರಿ. ಸವಿತಾ ಅಂತ. ಎರಡು ಕಾಗುಣಿತ ತಪ್ಪ ಅದ ಅಂತ ಜಗಳಕ್ಕ ಬಂದಿದ್ಳು,” ಎಂದ.

ಅಫಜಲಪುರಕ್ಕೆ ಗಂಡ ಹೆಂಡತಿ ಇಬ್ಬರೂ ಹೋದೆವು. ಸವಿತಾ ತಾನೀಗ ಕಲಿಸುವ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಮಗ ಒಬ್ಬನೇ ಕೂತು ಗಣಿತ ಮಾಡುತ್ತಿದ್ದ, ನಮ್ಮ ಕಡೆ ತಲೆ ಎತ್ತಲಿಲ್ಲ. ನಾನು ಅವನ ಪುಸ್ತಕದ ಕಡೆ ಬಗ್ಗಿ, “ಅಲ್ಲಿ ದಶಕ...” ಎನ್ನುವಷ್ಟರಲ್ಲಿ ಸುವರ್ಣಾ ನನ್ನ ಅಂಗಿ ಹಿಡಿದು ಎಳೆದಳು. ಅಪ್ಪ ಎಲ್ಲಿ ಎಂದರೆ ಹುಡುಗ ಪೆನ್ಸಿಲ್ಲನ್ನು ಹೋಟೆಲ್ ಕಡೆ ತೋರಿಸಿದ.

ಹೋಟೆಲಿನಲ್ಲಿ ಒಂದು ವಿಚಿತ್ರ ಗುಂಪಿತ್ತು. ಹತ್ತಾರು ಗಂಡಸರು ಬೆಂಚುಗಳ ಮೇಲೆ ಕೂತು, ಮುಂದೆ ಚುರುಮುರಿ ಸುಸಲಾ ಮತ್ತು ಮಿರ್ಚಿ ಭಜಿ ಇಟ್ಟುಕೊಂಡು, ಕರ್ತವ್ಯದ ಮೇಲೆ ಇರುವವರ ಹಾಗೆ ಗಡಿಯಾರ ನೋಡುತ್ತಿದ್ದರು. ಸವಿತಾಳ ಗಂಡ ಭೀಮರಾಯ ಪಂಪ್‌ಸೆಟ್ ರಿಪೇರಿ ಮಾಡುವ ದಢೂತಿ ಆಸಾಮಿ, ಪಕ್ಕದಲ್ಲೇ ಸ್ಪ್ಯಾನರ್ ಇಟ್ಟುಕೊಂಡಿದ್ದ. ಇಲ್ಲಿ ಯಾಕೆ ಕೂತಿದ್ದೀರಿ ಎಂದೆ.

“ಸಂಶೋಧನಾಕ್ಕ ಸಹಕಾರ ಕೊಡಾಕತ್ತೇವ್ರಿ,” ಎಂದ ಭೀಮರಾಯ, ಭಜಿ ಬಾಯಲ್ಲಿಟ್ಟುಕೊಂಡು.

ನಡೆದದ್ದು ಇಷ್ಟು. ಸವಿತಾ ಪುಸ್ತಕವನ್ನು ಒಪ್ಪಿಸುವ ಮೊದಲು ಪೂರ್ತಿ ಓದಿದ್ದಳು. ಕೃತಜ್ಞತೆಯ ಪುಟಕ್ಕೆ ಬಂದಾಗ ಅವಳಿಗೆ ಧರ್ಮಸಂಕಟವಾಗಿತ್ತು. ಗಂಡ ಮನೆಯಲ್ಲಿಲ್ಲ ಎಂದು ಪುಸ್ತಕ ಹೇಳುತ್ತದೆ, ಗಂಡ ಎದುರಿಗೇ ಕೂತಿದ್ದಾನೆ. ಬೇರೆ ಯಾರಾದರೂ ವಾಕ್ಯವನ್ನು ತಿದ್ದುತ್ತಿದ್ದರು. ಸವಿತಾ ಗಂಡನನ್ನು ತಿದ್ದಿದಳು.

“ಪುಸ್ತಕದಾಗ ಸುಳ್ಳ ಇರಬಾರದು ಅಂದ್ಳರಿ. ಎದ್ದು ಹೊರಗ ನಡಿ ಅಂದ್ಳು. ಎರಡ ದಿನದ ಮಾತು ಅಂತ ಬಂದೆ. ಅಷ್ಟ್ರಾಗ ನಮ್ಮ ಹುಡುಗ ಗಣಿತದಾಗ ಪಾಸ್ ಆಗಿಬಿಟ್ಟ! ಮುಗೀತು ನನ್ ಕಥಿ. ಬಾಜೂಕಿನ ಮನಿಯಾಕಿ ಕೇಳಿದ್ಳು, ಆಕಿನೂ ತನ್ನ ಗಂಡನ್ನ ಹೊರಗ ಹಾಕಿದ್ಳು. ಈಗ ನೋಡ್ರಿ, ಓಣಿ ಗಂಡಸ್ರೆಲ್ಲಾ ಇಲ್ಲೇ ಅದೇವಿ.”

ಬೆಂಚಿನ ಕೊನೆಯಿಂದ ಒಬ್ಬ, “ಹುಡುಗ್ರು ಶಾಣ್ಯಾ ಆಗಾಕತ್ತಾರ, ನಾವು ದಪ್ಪ ಆಗಾಕತ್ತೇವಿ,” ಎಂದ. ಮೂಲ ಸಂಶೋಧನೆ ಇವಳದೇ ಎಂದು ನಾನು ಹೇಳಿದ ಕೂಡಲೇ ಹೋಟೆಲ್ ಮಾಲೀಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಸುವರ್ಣಾಳಿಗೆ ಕೈಮುಗಿದ. ನಾನು ನೋಟ್‌ಪ್ಯಾಡ್ ತೆಗೆದು ಎಲ್ಲವನ್ನೂ ಬರೆದುಕೊಳ್ಳತೊಡಗಿದೆ. ಭೀಮರಾಯ ನನ್ನ ಹೆಸರು ಕೇಳಿದ. ಹೇಳಿದೆ. ಅವನ ಕೈಯಲ್ಲಿದ್ದ ಚಾ ಬಟ್ಟಲು ಅರ್ಧದಲ್ಲೇ ನಿಂತಿತು.

“ನೀವೇ ಏನ್ರಿ ಆ ಮಲ್ಲಿನಾಥ?”

ಬೆಂಚುಗಳೆಲ್ಲ ನನ್ನ ಕಡೆ ತಿರುಗಿದವು.

“ಥಂಡ್ಯಾಗ ಹೊರಗ ಕೂತಾಂವ ನಾ, ಭಜಿ ತಿಂದು ತಿಂದು ಹೊಟ್ಟಿ ಕೆಡಿಸ್ಕೊಂಡಾಂವ ನಾ. ಪುಸ್ತಕದಾಗ ಹೆಸರು ನಿಮ್ದು! ನನ್ ಹೇಣ್ತಿ ಪುಸ್ತಕದಾಗ ನೀವು ಪತಿ! ಇದ್ಯಾವ ನ್ಯಾಯ್ರಿ ಸಾಹೇಬ್ರ?”

ಕೆಲಸ ಮಾಡಿದವರು ಒಬ್ಬರು, ಮನ್ನಣೆ ಇನ್ನೊಬ್ಬರಿಗೆ ಎಂಬ ಅಳಲನ್ನು ವಿದ್ವತ್ ಲೋಕದಲ್ಲಿ ಬಹಳ ಜನ ಬಹಳ ಬಗೆಯಲ್ಲಿ ಹೇಳಿಕೊಂಡಿರಬಹುದು. ಆದರೆ ಇಷ್ಟು ಹತ್ತಿರ ಬಂದು, ಕೈಯಲ್ಲಿ ಸ್ಪ್ಯಾನರ್ ಹಿಡಿದು ಯಾರೂ ಹೇಳಿಕೊಂಡಿರಲಾರರು. ಸುವರ್ಣಾ ನಡುವೆ ಬಂದು, “ಅಣ್ಣಾರ, ನಿಮ್ಮ ಹೆಸರು ನಾ ಸಮಿತಿ ಮುಂದ ಹೇಳ್ತೇನಿ. ಇದು ನನ್ ಮಾತು,” ಎಂದಳು. ಭೀಮರಾಯ ತಣ್ಣಗಾಗಿ ನಮಗೂ ಚಾ ಹೇಳಿದ. ಬಸ್ಸಿನಲ್ಲಿ ಮರಳುವಾಗ ಅವಳು ದಾರಿಯುದ್ದಕ್ಕೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಏನು ಯೋಚನೆ ಎಂದೆ. “ಆ ಹುಡುಗ ತಲಿ ಎತ್ತಲಿಲ್ಲ, ನೋಡಿದ್ರಿ?” ಎಂದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಮುಖ ಬಡ್ತಿಯನ್ನು ಮರೆತಿತ್ತು.

ಸಮಿತಿ ಕೂಡುವ ದಿನ ಬಂತು. ನಾನೂ ಜೊತೆಗೆ ಹೋದೆ. ಒಳಗೆ ಬರುತ್ತೇನೆ ಎಂದೆ. ಹೊರಗೆ ಕೂಡಿಸಿದಳು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ನಾನು ನನ್ನ ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ಸರಿಸಿಕೊಂಡು ಹೋಗಿ, ಎಲ್ಲವೂ ಕೇಳುವ ಜಾಗದಲ್ಲಿ ಕೂತೆ. ಹೊರಗಿನಿಂದ ಬಂದ ತಜ್ಞರು ಮೈಸೂರು ಕಡೆಯವರು, ಮನೋವಿಜ್ಞಾನದ ಹಿರಿಯ ಪ್ರಾಧ್ಯಾಪಕರು, ದನಿ ಮೆತ್ತಗೆ.

“ಉಲ್ಲೇಖ ಒಂದೇ ಇದೆಯಲ್ಲಮ್ಮ,” ಎಂದರು.

“ಹೌದ್ರಿ ಸರ್. ಓದಿದವರು ಇದ್ದಾರೆ, ಹೆಸರು ಹೇಳೋಕೆ ಬರೋದಿಲ್ಲ.”

“ಹೆಸರಿಲ್ಲದ ಉಲ್ಲೇಖವನ್ನು ನಾವು ಹೇಗೆ ಲೆಕ್ಕಕ್ಕೆ ಹಿಡಿಯೋದು?”

ಸುವರ್ಣಾ ಅಫಜಲಪುರದ ಹೋಟೆಲಿನ ಕಥೆ ಹೇಳಿದಳು. ಭೀಮರಾಯನ ಹೆಸರನ್ನು, ಕೊಟ್ಟ ಮಾತಿನಂತೆ, ಸ್ಪಷ್ಟವಾಗಿ ಹೇಳಿದಳು. ಒಳಗೆ ಒಂದಿಷ್ಟು ನಗು ಕೇಳಿಸಿತು. ಆದರೆ ಕಾಲೇಜಿನವರೇ ಆದ ಇನ್ನೊಬ್ಬ ಸದಸ್ಯರು ಗಂಟಲು ಸರಿಮಾಡಿಕೊಂಡು, “ಗಂಡಸ್ರು ಹೋಟೆಲ್‌ದಾಗ ಕೂಡೋದು ಮೊದ್ಲಿಂದೂ ಅದ. ಅದು ಸಂಶೋಧನಾದಿಂದ ಆತು ಅಂತ ಹ್ಯಾಂಗ ಹೇಳ್ತೀರಿ? ಮನ್ಯಾಗ ಗಂಡ ಇದ್ರ ಕೆಲಸಕ್ಕ ಅಡ್ಡಿ ಆಗ್ತದ ಅನ್ನೋದಕ್ಕ ಪುರಾವೆ ಏನದ?” ಎಂದರು. ಬಡ್ತಿ ಬಾಗಿಲವರೆಗೆ ಬಂದು ಚಪ್ಪಲಿ ಹುಡುಕತೊಡಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಪುರಾವೆ ಹೊರಗ ಕುಂತದ್ರಿ ಸರ್,” ಎಂದಳು ಸುವರ್ಣಾ.

ನನ್ನನ್ನು ಒಳಗೆ ಕರೆದರು. ಬಾಗಿಲಿಗೆ ಅಷ್ಟು ಹತ್ತಿರ ಕೂತಿದ್ದರಿಂದ ತಡವಾಗಲಿಲ್ಲ. ತಜ್ಞರು ಕೃತಜ್ಞತೆಯ ಪುಟವನ್ನು ನನ್ನ ಮುಂದೆ ಹಿಡಿದು, “ಇದು ನಿಜವೇ?” ಎಂದು ಕೇಳಿದರು. ಅಲ್ಲ ಎಂದರೆ ನನ್ನ ಮಾನ ಉಳಿಯುತ್ತಿತ್ತು, ಬಡ್ತಿ ಹೋಗುತ್ತಿತ್ತು. ಹೌದು ಎಂದರೆ, ಮನೆಯಲ್ಲಿ ನಾನಿಲ್ಲದಿರುವುದೇ ನನ್ನ ಬಹುದೊಡ್ಡ ಕೊಡುಗೆ ಎಂದು ಅಧಿಕೃತವಾಗಿ ದಾಖಲಾಗುತ್ತಿತ್ತು. ಸುವರ್ಣಾ ನನ್ನ ಕಡೆ ನೋಡುತ್ತಿರಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು.

“ಖರೆ ಅದ್ರಿ,” ಎಂದೆ.

“ಉದಾಹರಣೆ?”

ಯಾರು, ಎಲ್ಲಿ, ಯಾವಾಗ, ಹೇಗೆ ಎಂದು ಕೇಳಿದ ಕೂಡಲೇ ಪತ್ರಕರ್ತನ ನಾಲಿಗೆಗೆ ಲಗಾಮು ಇರುವುದಿಲ್ಲ. ಮೊದಲು ಹಿಂಜರಿಯುತ್ತಾ, ಆಮೇಲೆ ಒಂದು ಬಗೆಯ ಹುಮ್ಮಸ್ಸಿನಿಂದ ಹೇಳುತ್ತಾ ಹೋದೆ. ಖಜೂರಿಯ ಮಕ್ಕಳಿಂದ ಅವಳು ತುಂಬಿಸಿ ತಂದ ಪ್ರಶ್ನಾವಳಿಗಳನ್ನು ಶಾಲೆವಾರು ಜೋಡಿಸಿಟ್ಟಿದ್ದಳು. ಅವು ಒಂದೇ ಎತ್ತರ ಇಲ್ಲವೆಂದು ನಾನು ಕಾಗದದ ಅಳತೆವಾರು ಜೋಡಿಸಿಕೊಟ್ಟೆ. ಅವಳು ‘ಕಂಡುಬರಬಹುದು’ ಎಂದು ಬರೆದಲ್ಲೆಲ್ಲ ಸುದ್ದಿಯಲ್ಲಿ ಅನುಮಾನ ಇರಬಾರದೆಂದು ‘ಕಂಡುಬಂದಿದೆ’ ಎಂದು ತಿದ್ದಿದೆ. ಎರಡನೆಯ ಅಧ್ಯಾಯಕ್ಕೆ ‘ಅಪ್ಪಂದಿರ ಅಟ್ಟಹಾಸ’ ಎಂದು ಶೀರ್ಷಿಕೆ ಕೊಟ್ಟೆ. ಕೊನೆಗೆ, ಪ್ರಬಂಧ ಉದ್ದವಾಯಿತು, ಸ್ವಲ್ಪ ಕಡಿಮೆ ಮಾಡಿಕೊಡ್ರಿ ಎಂದು ಅವಳು ಒಮ್ಮೆ, ಒಂದೇ ಒಮ್ಮೆ, ಕೇಳಿದಳು. ಸುದ್ದಿಮನೆಯಲ್ಲಿ ಜಾಗ ಸಾಲದಿದ್ದಾಗ ನಾವು ಯಾವಾಗಲೂ ಕೆಳಗಿನಿಂದ ಕತ್ತರಿಸುತ್ತೇವೆ, ಮುಖ್ಯವಾದದ್ದು ಮೇಲೇ ಇರುತ್ತದೆ. ಹಾಗೆಯೇ ಕೆಳಗಿನಿಂದ ಕತ್ತರಿಸಿದೆ.

“ಕೆಳಗೆ ಏನಿತ್ತು?” ಎಂದರು ತಜ್ಞರು.

“ಸಂಶೋಧನೆಯ ಫಲಿತಾಂಶ ಇತ್ತ್ರಿ.”

ತಜ್ಞರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಕರಾರು ತೆಗೆದಿದ್ದ ಸದಸ್ಯರು ಕುರ್ಚಿಯಲ್ಲಿ ಮುಂದೆ ಬಾಗಿ, ತಮ್ಮ ಮನೆಯವರೂ ಏನೋ ಅಭ್ಯಾಸ ಮಾಡುತ್ತಿದ್ದಾರೆ, ತಾವು ಪಕ್ಕದಲ್ಲೇ ಕೂತು ಸಹಾಯ ಮಾಡುತ್ತಿದ್ದೇವೆ, ಅದು ಮುಂದೆ ಹೋಗುತ್ತಿಲ್ಲ ಎಂದು ತೊದಲಿದರು. “ಅದಾದ ಮ್ಯಾಲ ಏನ್ ಮಾಡಿದ್ರಿ?” ಎಂದು ನನ್ನನ್ನು ಕೇಳಿದರು, ಪುರಾವೆಗಾಗಿ ಅಲ್ಲ, ದಾರಿಗಾಗಿ. ಅದಾದ ಮೇಲೆ ಹೆಂಡತಿ ನನಗೆ ಬೆಳಿಗ್ಗೆ ಬೆಳಿಗ್ಗೆಯೇ ಬುತ್ತಿ ಕಟ್ಟಿ ಕೊಡತೊಡಗಿದಳು, ತಾಲ್ಲೂಕಿನಲ್ಲಿ ಸುದ್ದಿ ಇರಲಿ ಇಲ್ಲದಿರಲಿ ನಾನು ಹೊರಗೇ ಇರುತ್ತಿದ್ದೆ, ಪ್ರಬಂಧ ಮುಗಿಯಿತು ಎಂದೆ. ಹೇಳಿ ಮುಗಿಸಿದಾಗ ಸುವರ್ಣಾ ನನ್ನ ಕಡೆ ನೋಡಿದಳು. ಮದುವೆಯಲ್ಲಿ ಅಕ್ಷತೆ ಬೀಳುವಾಗ ನೋಡಿದ್ದಳಲ್ಲ, ಅದಕ್ಕಿಂತ ಚೆನ್ನಾಗಿ ನೋಡಿದಳು.

ಬಡ್ತಿ ಆಯಿತು. ‘ಸಮಾಜದಲ್ಲಿ ಆದ ಪರಿಣಾಮ’ ಎಂಬಲ್ಲಿ ಅವಳಿಗೆ ಪೂರ್ತಿ ಅಂಕ ಕೊಟ್ಟಿದ್ದರು. ನಮ್ಮ ಪತ್ರಿಕೆಯಲ್ಲಿ ಮನೆಯವರ ಸುದ್ದಿಯನ್ನು ನಾವೇ ಬರೆಯಬಾರದೆಂಬ ನಿಯಮವಿದೆ, ಹಾಗಾಗಿ ಬರೆಯಲಿಲ್ಲ. ಓಣಿಯಲ್ಲಿ ಪೇಢಾ ಹಂಚುವಾಗ ಬಾಯಿಮಾತಿನಲ್ಲಿ ಹೇಳಬಾರದೆಂಬ ನಿಯಮ ಇಲ್ಲ, ಹಾಗಾಗಿ ಹೇಳಿದೆ.

ಕೆಲವು ತಿಂಗಳ ಮೇಲೆ ಆ ತಜ್ಞರು ತಮ್ಮ ಹೊಸ ಲೇಖನವಿದ್ದ ನಿಯತಕಾಲಿಕದ ಪ್ರತಿಯನ್ನು ಸುವರ್ಣಾಳಿಗೆ ಕಳಿಸಿದರು. ಅದರಲ್ಲಿ ಅವಳ ಸಂಶೋಧನೆಯ ಉಲ್ಲೇಖವಿತ್ತು. ಬೇರೊಬ್ಬರು ಮಾಡಿದ ಮೊದಲ ಉಲ್ಲೇಖ! ಅವಳು ಆ ಸಾಲಿನ ಮೇಲೆ ಬೆರಳಾಡಿಸಿ ಆಡಿಸಿ ಓದಿದಳು. ಇಂಡೆಕ್ಸ್ ಎಷ್ಟಾಯಿತು ಎಂದೆ. “ಒಂದು,” ಎಂದಳು, ಆದರೆ ಈ ಸಲದ ಒಂದು ಬೇರೆ ಒಂದಾಗಿತ್ತು. ಲೇಖನದ ನಡುವೆ ಎರಡು ಪುಟ ಪೂರ್ತಿ ನನ್ನ ಬಗ್ಗೆಯೇ ಇತ್ತು. ಪ್ರಶ್ನಾವಳಿ, ಅಟ್ಟಹಾಸ, ಕೆಳಗಿನಿಂದ ಕತ್ತರಿಸಿದ್ದು, ಬುತ್ತಿ, ಯಾವುದೂ ಬಿಟ್ಟಿರಲಿಲ್ಲ. ಆದರೆ ಎಲ್ಲಿ ಹುಡುಕಿದರೂ ನನ್ನ ಹೆಸರಿರಲಿಲ್ಲ. ‘ಒಬ್ಬ ಪತಿ’ ಎಂದಷ್ಟೇ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಮಾಹಿತಿದಾರರ ಖಾಸಗಿತನ ಕಾಪಾಡಲು ಹೆಸರು ಗೋಪ್ಯವಾಗಿಡಲಾಗಿದೆ ಎಂಬ ಟಿಪ್ಪಣಿ.

ನಾನು ಏನೂ ಮಾಡದೆ ಇದ್ದಲ್ಲೆಲ್ಲ ನನ್ನ ಹೆಸರು ಬಂತು. ಮೂರು ತಾಲ್ಲೂಕಿನ ಗಂಡು ಹೆಣ್ಣೆನ್ನದೆ ಎಲ್ಲರಿಗೂ ನಾನು ಪತಿಯಾದೆ. ಜೀವಮಾನದಲ್ಲಿ ಒಂದೇ ಸಲ ನನ್ನ ಮರ್ಯಾದೆಯನ್ನು ಮೇಜಿನ ಮೇಲಿಟ್ಟು ನಿಜ ಹೇಳಿದೆ, ಅಲ್ಲಿ ಹೆಸರೇ ಇಲ್ಲ. ದೂರು ಹೇಳುವ ಹಾಗೂ ಇರಲಿಲ್ಲ. ಮೂಲವನ್ನು ಬಯಲು ಮಾಡಬಾರದೆಂದು ಹೊಸ ವರದಿಗಾರರಿಗೆ ಪಾಠ ಹೇಳುವವನು ನಾನೇ. ಆದರೂ ಆ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ಹೇಳುತ್ತಿದ್ದೆ, ಒಳಗೆ ಹೋಗುತ್ತಿದ್ದೆ, ಮತ್ತೆ ಬಂದು ಹೇಳುತ್ತಿದ್ದೆ. ಸುವರ್ಣಾ ಮೇಜಿನ ಮೇಲೆ ತನ್ನ ಮುಂದಿನ ಲೇಖನ ಹರಡಿಕೊಂಡು ಒಂದೇ ಸಾಲನ್ನು ಎಷ್ಟೋ ಹೊತ್ತಿನಿಂದ ಬರೆಯುತ್ತಿದ್ದಳು.

“ಹೆಸರು ಹಾಕಿದ್ರ ಏನ್ ಮಾಡ್ತಿದ್ರಿ?” ಎಂದಳು ಕೊನೆಗೆ.

“ಏನ್ ಮಾಡ್ತಿದ್ದೆ? ಅಡತಿ ಅಂಗಡ್ಯಾಗ ತೋರಿಸ್ತಿದ್ದೆ. ಇಸ್ಮಾಯಿಲ್ ಭಾಯಿಗೆ ತೋರಿಸ್ತಿದ್ದೆ. ಬಸ್ ಹತ್ತಿ ಅಫಜಲಪುರಕ್ಕ ಹೋಗಿ ಆ ಭೀಮರಾಯಗೂ ತೋರಿಸ್ತಿದ್ದೆ.”

“ಎಷ್ಟೊತ್ತು ಆಗ್ತಿತ್ತು?”

“ಇಡೀ ದಿನ ಬೇಕಲ್ಲ.”

ಸುವರ್ಣಾ ನಿಯತಕಾಲಿಕವನ್ನು ಎಳೆದುಕೊಂಡು, ‘ಒಬ್ಬ ಪತಿ’ ಎಂಬಲ್ಲಿ ಒಂದು ಗುರುತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ‘ಶ್ರೀ ಮಲ್ಲಿನಾಥ, ಆಳಂದ’ ಎಂದು ಬರೆದು ನನ್ನ ಕೈಗಿತ್ತಳು.

“ನಾಳಿ ಮುಂಜಾನೇ ಹೋಗ್ರಿ. ಬುತ್ತಿ ಕಟ್ತೇನಿ. ಜೇವರ್ಗಿ ಕಡೀನೂ ತೋರಿಸ್ಕೊಂಡ್ ಬರ್ರಿ, ಅವಸರ ಇಲ್ಲ.”

ಇದರಲ್ಲಿ ಏನೋ ಇದೆ ಎಂದು ನನ್ನ ಒಳಗಿನ ವರದಿಗಾರ ಎಚ್ಚರಿಸಿದ. ಹೆಸರು ಕಂಡಿತ್ತು. ಮುಂದೆ ಓದದೆ ಹೋದೆ.